ಸಮುದಾಯದ ಚಹರೆ ಮತ್ತು ಸಾರ್ವಜನಿಕ ಅಭಿಪ್ರಾಯ: ಖಜೂರಿ ಗಡಿಸೀಮೆಯನ್ನು ಅನುಲಕ್ಷಿಸಿ

1. ಪ್ರವೇಶ

ಸಾಮಾಜಿಕ ಪ್ರಶ್ನೆಗಳನ್ನು ಕುರಿತು ಜನರು ತಳೆಯುವ ನಿಲುವುಗಳನ್ನು ಅವರ ಜಾತಿ, ಮತ, ಭಾಷೆಗಳ ಆಧಾರದಿಂದ ವಿವರಿಸುವುದು ಅಧ್ಯಯನಗಳಲ್ಲಿಯೂ ದೈನಂದಿನ ರಾಜಕೀಯ ಚರ್ಚೆಗಳಲ್ಲಿಯೂ ರೂಢಿಗೊಂಡ ಕ್ರಮ. ಈ ಕ್ರಮದ ಹಿಂದೆ ಒಂದು ಗ್ರಹಿಕೆ ಅಡಗಿದೆ. ಪ್ರತಿಯೊಬ್ಬ ವ್ಯಕ್ತಿಯೂ ಪ್ರಧಾನವಾಗಿ ಒಂದು ಗುಂಪಿಗೆ ಸೇರಿದವನು. ಆ ಗುಂಪು ಯಾವುದೆಂದು ತಿಳಿದರೆ ಅವನ ಅಭಿಪ್ರಾಯವೂ ತಿಳಿದಂತೆಯೇ ಎಂಬುದು ಆ ಗ್ರಹಿಕೆ. ಚುನಾವಣೆಯ ಲೆಕ್ಕಾಚಾರಕ್ಕೆ ಇದು ಒಂದು ಮಟ್ಟಿಗೆ ಒದಗಿ ಬರಬಹುದು. ಆದರೆ ಹಲವು ಭಾಷೆ, ಹಲವು ಮತ, ಹಲವು ಆಡಳಿತಗಳ ನೆನಪು ಒಂದೇ ನೆಲದಲ್ಲಿ ಸೇರಿಕೊಂಡಿರುವ ಗಡಿನಾಡಿನಲ್ಲಿ ಈ ಗ್ರಹಿಕೆಯನ್ನು ಪರೀಕ್ಷೆಗೆ ಒಡ್ಡಿದಾಗ ಅದು ನಿಲ್ಲುವುದಿಲ್ಲ.

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಖಜೂರಿ ಅಂಥದೊಂದು ನೆಲೆ. ಆಳಂದದಿಂದ ಮಹಾರಾಷ್ಟ್ರದ ಉಮರ್ಗಾ ಕಡೆಗೆ ಸಾಗುವ ದಾರಿಯಲ್ಲಿ, ರಾಜ್ಯದ ಗಡಿಗೆ ಹತ್ತಿರವಿರುವ ಈ ಗ್ರಾಮದ ಸುತ್ತಲಿನ ಸೀಮೆಯಲ್ಲಿ ಕನ್ನಡ, ಮರಾಠಿ, ದಖನಿ ಉರ್ದು ಮತ್ತು ಲಂಬಾಣಿ ಭಾಷೆಗಳು ಬಳಕೆಯಲ್ಲಿವೆ. 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೂ, ಅನಂತರ ಹೈದರಾಬಾದ್ ರಾಜ್ಯಕ್ಕೂ ಸೇರಿದ್ದ ಈ ಸೀಮೆ 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ಸೇರ್ಪಡೆಗೊಂಡಿತು. ಅಂದು ಅದೇ ಸಂಸ್ಥಾನದ ಉಸ್ಮಾನಾಬಾದ್ ಜಿಲ್ಲೆ ಮುಂಬಯಿ ರಾಜ್ಯಕ್ಕೂ ತೆಲಂಗಾಣದ ಜಿಲ್ಲೆಗಳು ಆಂಧ್ರಪ್ರದೇಶಕ್ಕೂ ಹೋದವು. ಒಂದೇ ಆಡಳಿತದಡಿಯಲ್ಲಿದ್ದ ನೆರೆಹೊರೆಯ ಜನ ಒಂದೇ ದಿನ ಮೂರು ರಾಜ್ಯಗಳ ಪ್ರಜೆಗಳಾದರು.

ಈ ಸೀಮೆಯ ಒಬ್ಬ ರೈತ ಏಕಕಾಲದಲ್ಲಿ ಕನ್ನಡಿಗನೂ ಹೌದು, ಕಲ್ಯಾಣ ಕರ್ನಾಟಕದವನೂ ಹೌದು, ಒಂದು ಜಾತಿಯವನೂ ಹೌದು, ಒಂದು ಮಠದ ಭಕ್ತನೂ ಹೌದು, ದರ್ಗಾಕ್ಕೆ ಹರಕೆ ಹೊತ್ತವನೂ ಹೌದು. ಇವುಗಳಲ್ಲಿ ಯಾವ ಚಹರೆ ಅವನ ಅಭಿಪ್ರಾಯವನ್ನು ರೂಪಿಸುತ್ತದೆ ಎಂಬುದು ಅವನ ಜನ್ಮದಿಂದ ಮೊದಲೇ ತೀರ್ಮಾನವಾಗಿರುವುದಿಲ್ಲ. ಎದುರಿಗೆ ಬಂದ ಪ್ರಶ್ನೆ ಅವನಲ್ಲಿರುವ ಯಾವ ‘ನಾವು’ ಎಂಬುದನ್ನು ಕರೆಯುತ್ತದೆಯೋ ಅದಕ್ಕನುಗುಣವಾಗಿ ನಿಲುವು ಮೂಡುತ್ತದೆ. ಆದ್ದರಿಂದ ಪ್ರಶ್ನೆಯನ್ನು ಯಾರು, ಯಾವ ಹೆಸರಿನಲ್ಲಿ ಕೇಳುತ್ತಾರೆ ಎಂಬುದು ಉತ್ತರದಷ್ಟೇ ಮಹತ್ವದ್ದಾಗುತ್ತದೆ. ಈ ವಿಚಾರವನ್ನು ಖಜೂರಿ ಸೀಮೆಗೆ ಸಂಬಂಧಿಸಿದ ಗಡಿ, ಪ್ರಾದೇಶಿಕತೆ, ಮೀಸಲಾತಿ ಮತ್ತು ಧರ್ಮದ ಪ್ರಶ್ನೆಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ತಾತ್ವಿಕ ಹಿನ್ನೆಲೆ

ಗುಂಪಿನ ಚಹರೆಗೂ ಮನುಷ್ಯನ ತೀರ್ಮಾನಕ್ಕೂ ಇರುವ ಸಂಬಂಧವನ್ನು ಕುರಿತು ಇಪ್ಪತ್ತನೆಯ ಶತಮಾನದ ಸಮಾಜ ಮನೋವಿಜ್ಞಾನ ವಿಸ್ತಾರವಾಗಿ ಚಿಂತಿಸಿದೆ. ಬ್ರಿಟನ್ನಿನಲ್ಲಿ ಹೆನ್ರಿ ತಾಜ್ಫೆಲ್ ಮತ್ತು ಸಂಗಡಿಗರು ಶಾಲಾಬಾಲಕರ ಮೇಲೆ ನಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ದೃಷ್ಟಿಯಿಂದ ಪ್ರಸಿದ್ಧವಾಗಿವೆ. ಯಾವ ಚಿತ್ರಕಾರನ ಚಿತ್ರ ಹೆಚ್ಚು ಇಷ್ಟ ಎಂಬಂತಹ ಅಲ್ಪ ಕಾರಣವನ್ನು ಮುಂದೊಡ್ಡಿ ಬಾಲಕರನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಗಿತ್ತು. ತಮ್ಮ ಗುಂಪಿನಲ್ಲಿ ಯಾರಿದ್ದಾರೆಂಬುದು ಅವರಿಗೆ ಗೊತ್ತಿರಲಿಲ್ಲ; ಗುಂಪುಗಳ ನಡುವೆ ಹಿಂದಿನ ವೈರವೂ ಇರಲಿಲ್ಲ. ಆದರೂ ಹಣ ಹಂಚುವ ಸಂದರ್ಭ ಬಂದಾಗ ಬಾಲಕರು ತಮ್ಮ ಗುಂಪಿನತ್ತ ವಾಲಿದರು. ಅಷ್ಟೇ ಅಲ್ಲ, ತಮ್ಮವರಿಗೆ ಒಟ್ಟಾರೆ ದೊರೆಯುವ ಮೊತ್ತ ಕಡಿಮೆಯಾದರೂ ಚಿಂತೆಯಿಲ್ಲ, ಎದುರು ಗುಂಪಿಗಿಂತ ಹೆಚ್ಚು ದೊರೆಯಬೇಕು ಎಂಬ ಒಲವು ಅವರಲ್ಲಿ ಕಂಡುಬಂದಿತು. ಲಾಭಕ್ಕಿಂತ ಅಂತರವೇ ಮುಖ್ಯವಾಗುವ ಈ ಮನೋಧರ್ಮ ಮುಂದೆ ಸಾಮಾಜಿಕ ಚಹರೆಯ ಸಿದ್ಧಾಂತಕ್ಕೆ ತಳಹದಿಯಾಯಿತು.

ಅಮೆರಿಕದ ರಾಜ್ಯಶಾಸ್ತ್ರಜ್ಞ ಫಿಲಿಪ್ ಕಾನ್ವರ್ಸ್ 1964ರ ತನ್ನ ಪ್ರಬಂಧದಲ್ಲಿ ಸಾಮಾನ್ಯ ಮತದಾರರಲ್ಲಿ ಸುಸಂಬದ್ಧ ಸಿದ್ಧಾಂತದ ಬಲದಿಂದ ಯೋಚಿಸುವವರು ವಿರಳವೆಂದೂ, ಹಲವರು ಒಂದು ಧೋರಣೆ ತಮ್ಮ ಗುಂಪಿಗೆ ಒಳಿತೋ ಕೆಡುಕೋ ಎಂಬ ಅಳತೆಗೋಲನ್ನು ಬಳಸುತ್ತಾರೆಂದೂ ತೋರಿಸಿದ. ಭಾರತದ ಸಂದರ್ಭದಲ್ಲಿ ಈ ಪ್ರಶ್ನೆಗೆ ಇದಕ್ಕಿಂತ ಆಳವಾದ ನೈತಿಕ ಆಯಾಮವನ್ನು ಒದಗಿಸಿದವರು ಡಾ. ಬಿ.ಆರ್. ಅಂಬೇಡ್ಕರ್. 1936ರಲ್ಲಿ ಪ್ರಕಟವಾದ ‘ಜಾತಿ ವಿನಾಶ’ ಪ್ರಬಂಧದಲ್ಲಿ ಅವರು, ಜಾತಿಯು ಸಾರ್ವಜನಿಕ ಮನೋಭಾವವನ್ನೇ ಇಲ್ಲವಾಗಿಸಿದೆ, ಹಿಂದೂವಿಗೆ ತನ್ನ ಜಾತಿಯೇ ಸಾರ್ವಜನಿಕವಾಗಿದೆ ಎಂಬ ವಾದವನ್ನು ಮಂಡಿಸಿದರು. ಅಂದರೆ ಜಾತಿ ಅಭಿಪ್ರಾಯವನ್ನು ತಿರುಚುತ್ತದೆ ಎಂಬುದಷ್ಟೇ ಅಲ್ಲ, ಅಭಿಪ್ರಾಯ ಹುಟ್ಟಬೇಕಾದ ಸಾರ್ವಜನಿಕ ಅಂಗಳವನ್ನೇ ಅದು ಕಿರಿದುಗೊಳಿಸುತ್ತದೆ. ಮೈಸೂರು ಸೀಮೆಯ ಗ್ರಾಮವೊಂದನ್ನು ಆಧರಿಸಿ ಎಂ.ಎನ್. ಶ್ರೀನಿವಾಸ್ 1950ರ ದಶಕದಲ್ಲಿ ರೂಪಿಸಿದ ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆಯೂ ಇದರೊಂದಿಗೆ ಸೇರಬೇಕಾದುದು. ಊರಿನ ಅಭಿಪ್ರಾಯವೆಂದು ಹೊರಗೆ ಕೇಳಿಬರುವುದು ಅನೇಕ ವೇಳೆ ಭೂಮಿ, ಸಂಖ್ಯೆ ಮತ್ತು ಅಧಿಕಾರ ಇರುವ ಗುಂಪಿನ ಅಭಿಪ್ರಾಯವೇ ಆಗಿರುತ್ತದೆ.

ಈ ಚಿಂತನೆಗಳು ಗುಂಪಿನ ಶಕ್ತಿಯನ್ನು ವಿವರಿಸುತ್ತವೆ. ಆದರೆ ಒಬ್ಬನೇ ವ್ಯಕ್ತಿಯಲ್ಲಿ ಹಲವು ಗುಂಪುಗಳು ನೆಲೆಸಿರುವಾಗ ಯಾವುದು ಮುಂದೆ ಬರುತ್ತದೆ ಎಂಬುದನ್ನು ಅರಿಯಲು ನಿರ್ದಿಷ್ಟ ಪ್ರಸಂಗಗಳತ್ತ ಹೊರಳಬೇಕಾಗುತ್ತದೆ.

3. ಗಡಿಯ ಪ್ರಶ್ನೆ: ಭಾಷೆಯೋ ಬದುಕೋ

ಗಡಿ ವಿವಾದದ ಕಡತಗಳಲ್ಲಿ ಜನರು ಭಾಷೆಯ ಆಧಾರದಿಂದ ಎಣಿಕೆಗೊಂಡಿದ್ದಾರೆ. 1966ರಲ್ಲಿ ನೇಮಕಗೊಂಡು 1967ರಲ್ಲಿ ವರದಿ ಸಲ್ಲಿಸಿದ ಮಹಾಜನ ಆಯೋಗವು ಬೆಳಗಾವಿಯನ್ನು ಕರ್ನಾಟಕದಲ್ಲಿಯೇ ಉಳಿಸಿ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಹಾಗೂ ಜತ್ತ ತಾಲ್ಲೂಕಿನ ಹಲವು ಗ್ರಾಮಗಳು ಕರ್ನಾಟಕಕ್ಕೆ ಸೇರಬೇಕೆಂದು ಸೂಚಿಸಿತು. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ. 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಈ ವ್ಯಾಜ್ಯದ ಪರಿಭಾಷೆಯಲ್ಲಿ ಗಡಿಯ ವ್ಯಕ್ತಿ ಒಂದೋ ಕನ್ನಡಿಗ, ಇಲ್ಲವೇ ಮರಾಠಿಗ.

ಆದರೆ ಈ ಸೀಮೆಯ ದಿನಬಳಕೆಯ ಭೂಗೋಳ ಬೇರೆಯೇ ಆಗಿದೆ. ಆಳಂದ ಮತ್ತು ಅಫಜಲಪುರ ಭಾಗದ ಜನ ಆಸ್ಪತ್ರೆಗೆ, ಜವಳಿಗೆ, ವ್ಯಾಪಾರಕ್ಕೆ ಸೊಲ್ಲಾಪುರಕ್ಕೆ ಹೋಗುತ್ತಾರೆ. ಸೀಗಿ ಹುಣ್ಣಿಮೆಯ ಹೊತ್ತಿಗೆ ಕಲಬುರಗಿ ಭಾಗದಿಂದ ತುಳಜಾಪುರದ ಅಂಬಾಭವಾನಿಯ ಸನ್ನಿಧಿಗೆ ಸಾವಿರಾರು ಜನ ಕಾಲ್ನಡಿಗೆಯಲ್ಲಿ ಸಾಗುತ್ತಾರೆ. ಪಂಢರಪುರದ ವಿಠ್ಠಲನಿಗೆ ಇತ್ತಲಿನ ಭಕ್ತರಿರುವಂತೆ, ಅಫಜಲಪುರ ತಾಲ್ಲೂಕಿನ ಗಾಣಗಾಪುರದ ದತ್ತನಿಗೆ ಅತ್ತಲಿನ ಭಕ್ತರಿದ್ದಾರೆ. ಹೆಣ್ಣು ಕೊಟ್ಟು ತರುವ ಸಂಬಂಧಗಳು ಗಡಿಯನ್ನು ಲೆಕ್ಕಕ್ಕೆ ಇಟ್ಟುಕೊಂಡಿಲ್ಲ.

2022ರ ನವೆಂಬರ್–ಡಿಸೆಂಬರ್ ತಿಂಗಳುಗಳಲ್ಲಿ ಗಡಿಯ ವಿವಾದ ಮತ್ತೆ ಕಾವೇರಿದಾಗ ಸಂಭವಿಸಿದ ಬೆಳವಣಿಗೆ ಈ ದೃಷ್ಟಿಯಿಂದ ಗಮನಾರ್ಹವಾದುದು. ಜತ್ತ ತಾಲ್ಲೂಕಿನ ಗ್ರಾಮಗಳು ಬರಗಾಲದ ಹಿನ್ನೆಲೆಯಲ್ಲಿ 2012ರಲ್ಲಿ ಕೈಗೊಂಡಿದ್ದ ನಿರ್ಣಯ ಪುನಃ ಚರ್ಚೆಗೆ ಬಂದಿತು. ಅದರ ಬೆನ್ನಿಗೇ ಅಕ್ಕಲಕೋಟೆ ತಾಲ್ಲೂಕಿನ ಕೆಲವು ಗ್ರಾಮ ಪಂಚಾಯತಿಗಳು ಕರ್ನಾಟಕಕ್ಕೆ ಸೇರುವ ಇಂಗಿತವನ್ನು ವ್ಯಕ್ತಪಡಿಸಿದವು. ಅವು ಮುಂದಿಟ್ಟ ಕಾರಣಗಳಲ್ಲಿ ಕುಡಿಯುವ ನೀರು, ರಸ್ತೆ ಮೊದಲಾದ ಸೌಕರ್ಯಗಳ ಕೊರತೆ ಮುಂಚೂಣಿಯಲ್ಲಿತ್ತು. ಇದರ ಒತ್ತಡದಿಂದ ಜತ್ತ ಭಾಗಕ್ಕೆ ನೀರೊದಗಿಸುವ ಮ್ಹೈಸಾಳ ವಿಸ್ತರಣಾ ಯೋಜನೆಗೆ ಮಹಾರಾಷ್ಟ್ರ ಸರ್ಕಾರ ಚುರುಕು ನೀಡಿತು. ಇಲ್ಲಿ ಭಾಷೆಯ ಚಹರೆ ಸುಳ್ಳಾಗಿರಲಿಲ್ಲ. ಕನ್ನಡ ಆ ಗ್ರಾಮಗಳ ಮನೆಮಾತು. ಆದರೆ ದಶಕಗಳ ಕಾಲ ಸುಮ್ಮನಿದ್ದ ಆ ಚಹರೆಗೆ ಮಾತು ಬರಿಸಿದ್ದು ನೀರಿನ ಅಭಾವ. ಕನ್ನಡಿಗರೆಂಬ ಕಾರಣಕ್ಕೆ ಅವರು ನೀರು ಕೇಳಿದರೆಂಬುದಕ್ಕಿಂತ, ನೀರು ಕೇಳಲು ಅವರಿಗೆ ಕನ್ನಡಿಗರೆಂಬ ಹೆಸರು ಒದಗಿ ಬಂದಿತೆಂಬುದು ಹೆಚ್ಚು ನಿಜ.

4. ಕಾನೂನು ಕಟ್ಟಿದ ‘ನಾವು’: 371(ಜೆ)

ಚಹರೆಗಳು ಇತಿಹಾಸದಿಂದ ತಾವಾಗಿ ಬಂದವುಗಳೆಂಬ ನಂಬಿಕೆ ಸಾಮಾನ್ಯವಾಗಿದೆ. ಹೈದರಾಬಾದ್ ಕರ್ನಾಟಕದ ಪ್ರಾದೇಶಿಕ ಚಹರೆಯ ಬೆಳವಣಿಗೆ ಈ ನಂಬಿಕೆಯನ್ನು ತಿದ್ದುತ್ತದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವುಗಳೆಂದು ಗುರುತಿಸಿತು. ಅವುಗಳಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳು 39. ಈ 39ರ ಪೈಕಿ 21 ಗುಲಬರ್ಗಾ ವಿಭಾಗದಲ್ಲಿಯೇ ಇದ್ದವು. ಜನರ ಮನಸ್ಸಿನಲ್ಲಿದ್ದ ಅಸಮಾಧಾನಕ್ಕೆ ಅಂಕಿಸಂಖ್ಯೆಯ ಆಧಾರ ದೊರೆಯಿತು. ವೈಜನಾಥ ಪಾಟೀಲ ಮೊದಲಾದವರು ಬಹುಕಾಲ ನಡೆಸಿದ ಹೋರಾಟದ ಫಲವಾಗಿ 2012ರಲ್ಲಿ ಸಂಸತ್ತು ಅಂಗೀಕರಿಸಿದ ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ 371(ಜೆ) ಅನುಚ್ಛೇದ ಜಾರಿಗೆ ಬಂದಿತು. ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು, ರಾಜ್ಯದ ಉಳಿದ ಭಾಗದ ಸಂಸ್ಥೆಗಳಲ್ಲಿ ಶೇ. 8ರಷ್ಟು ಸ್ಥಾನಗಳು ಸ್ಥಳೀಯರಿಗೆ ಮೀಸಲಾದವು. ನೇಮಕಾತಿಗಳಲ್ಲಿಯೂ ಇದೇ ಬಗೆಯ ಅವಕಾಶ ಕಲ್ಪಿತವಾಯಿತು.

ಜಾತಿ ಆಧಾರಿತ ಮೀಸಲಾತಿಯನ್ನು ಕುರಿತು ಪರಸ್ಪರ ವಿರುದ್ಧ ನಿಲುವು ಹೊಂದಿದ ಸಮುದಾಯಗಳು 371(ಜೆ) ವಿಷಯದಲ್ಲಿ ಒಂದೇ ಧ್ವನಿಯಿಂದ ಮಾತನಾಡಿದವು. ಪ್ರತಿಭೆಯೊಂದೇ ಮಾನದಂಡವಾಗಬೇಕೆಂದು ಒಂದು ಸಂದರ್ಭದಲ್ಲಿ ವಾದಿಸುವವರು ಈ ಸಂದರ್ಭದಲ್ಲಿ ಹುಟ್ಟು ಮತ್ತು ವಾಸದ ಆಧಾರದ ಮೀಸಲಾತಿಯನ್ನು ನ್ಯಾಯವೆಂದು ಒಪ್ಪುವುದಕ್ಕೆ ಅಡ್ಡಿಯಾಗಲಿಲ್ಲ. ಇದನ್ನು ಕೇವಲ ಇಬ್ಬಂದಿತನವೆಂದು ತಳ್ಳಿಹಾಕುವುದು ಸರಿಯಲ್ಲ. ಪ್ರಶ್ನೆ ಜಾತಿಯನ್ನು ಕರೆದಾಗ ಮೂಡುವ ನ್ಯಾಯದ ಕಲ್ಪನೆ ಒಂದು; ಪ್ರದೇಶವನ್ನು ಕರೆದಾಗ ಮೂಡುವ ನ್ಯಾಯದ ಕಲ್ಪನೆ ಇನ್ನೊಂದು. ವ್ಯಕ್ತಿ ಅವನೇ, ತತ್ತ್ವವೂ ಅದೇ. ಬದಲಾದದ್ದು ತಕ್ಕಡಿಯ ಆಚೆ ಬದಿಯಲ್ಲಿ ನಿಂತವರು ಯಾರು ಎಂಬುದು.

ಮತ್ತೊಂದು ಸಂಗತಿಯೂ ಇಲ್ಲಿ ಪರಿಶೀಲನಾರ್ಹ. 371(ಜೆ) ವ್ಯಾಪ್ತಿಗೆ ಸೇರಿದ ಬಳ್ಳಾರಿ ಜಿಲ್ಲೆ 1800ರಲ್ಲಿಯೇ ನಿಜಾಮರಿಂದ ಬ್ರಿಟಿಷರಿಗೆ ಹಸ್ತಾಂತರಗೊಂಡು ಮದರಾಸು ಪ್ರಾಂತದಲ್ಲಿದ್ದುದು. ಅದಕ್ಕೂ 1948ರವರೆಗಿನ ನಿಜಾಮಶಾಹಿಯ ಅನುಭವಕ್ಕೂ ಸಂಬಂಧವಿಲ್ಲ. ಆದರೂ ಅಲ್ಲಿನ ಜನ ಈ ಪ್ರಾದೇಶಿಕ ‘ನಾವು’ ಎಂಬುದರ ಒಳಗೆ ಬಂದರು. 2019ರ ಸೆಪ್ಟೆಂಬರ್ 17ರಂದು ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರನ್ನಿಟ್ಟಾಗ ಸಂಸ್ಥಾನದ ನೆನಪಿನ ಸ್ಥಾನದಲ್ಲಿ ಹನ್ನೆರಡನೆಯ ಶತಮಾನದ ಶರಣರ ನೆನಪು ಬಂದು ಕುಳಿತಿತು. ಚಹರೆಯೊಂದು ಕಾನೂನಿನಿಂದ ಹಿಗ್ಗುವುದನ್ನೂ ಹೆಸರಿನಿಂದ ಹೊಸ ಪೂರ್ವಿಕರನ್ನು ಪಡೆಯುವುದನ್ನೂ ಇಲ್ಲಿ ಒಟ್ಟಿಗೇ ಕಾಣಬಹುದು.

5. ಮೀಸಲಾತಿ: ಒಂದು ಬಳಗ, ಮೂರು ಪಟ್ಟಿಗಳು

ಆಳಂದ ತಾಲ್ಲೂಕಿನ ತಾಂಡಾಗಳಲ್ಲಿ ವಾಸಿಸುವ ಲಂಬಾಣಿ ಸಮುದಾಯವು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದೆ. ಗಡಿಯಾಚೆ ಮಹಾರಾಷ್ಟ್ರದಲ್ಲಿ ಅದೇ ಬಂಜಾರ ಸಮುದಾಯ ವಿಮುಕ್ತ ಜಾತಿಗಳ ವರ್ಗಕ್ಕೆ ಸೇರಿದೆ. ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡವಾಗಿದೆ. ಒಂದೇ ಭಾಷೆ, ಒಂದೇ ಆಚರಣೆ, ಬೀಗತನದ ನಂಟುಗಳಿರುವ ಬಳಗ ಮೂರು ರಾಜ್ಯಗಳಲ್ಲಿ ಮೂರು ಹೆಸರಿನಿಂದ ಗುರುತಿಸಲ್ಪಡುತ್ತದೆ. ಪರಿಣಾಮವಾಗಿ ಮೀಸಲಾತಿ ಕುರಿತ ಬೇಡಿಕೆಗಳೂ ಆತಂಕಗಳೂ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ. ಸಮುದಾಯದ ಸಂಸ್ಕೃತಿಯೇ ಅಭಿಪ್ರಾಯವನ್ನು ನಿರ್ಧರಿಸುವುದಾಗಿದ್ದರೆ ಮೂರು ಕಡೆಯೂ ಒಂದೇ ನಿಲುವು ಇರಬೇಕಾಗಿತ್ತು. ನಿಲುವನ್ನು ರೂಪಿಸುತ್ತಿರುವುದು ಸಂಸ್ಕೃತಿಗಿಂತ ಮಿಗಿಲಾಗಿ ಪಟ್ಟಿಯಲ್ಲಿನ ಸ್ಥಾನ.

2025ರ ಸೆಪ್ಟೆಂಬರ್ 2ರಂದು ಮಹಾರಾಷ್ಟ್ರ ಸರ್ಕಾರ ಮರಾಠವಾಡಾದ ಮರಾಠರ ಪೈಕಿ ಅರ್ಹರಿಗೆ ಕುಣಬಿ ಪ್ರಮಾಣಪತ್ರ ನೀಡಲು ಹೈದರಾಬಾದ್ ಗೆಜೆಟಿಯರನ್ನು ಆಧಾರವಾಗಿ ಒಪ್ಪಿತು. ಅದಾದ ಕೆಲವೇ ದಿನಗಳಲ್ಲಿ ಅಲ್ಲಿನ ಬಂಜಾರರು ಅದೇ ದಾಖಲೆಯನ್ನು ಮುಂದಿಟ್ಟು ತಮಗೆ ಪರಿಶಿಷ್ಟ ಪಂಗಡದ ಸ್ಥಾನ ಬೇಕೆಂದು ಬೀದಿಗಿಳಿದರು. ಇತರ ಆದಿವಾಸಿ ಸಮುದಾಯಗಳು ಅದನ್ನು ವಿರೋಧಿಸಿದವು. ಅಳಿದುಹೋದ ಸಂಸ್ಥಾನವೊಂದರ ದಾಖಲೆ ಎಪ್ಪತ್ತು ವರ್ಷಗಳಿಗೂ ಮಿಕ್ಕಿ ಕಳೆದ ಮೇಲೆ ಯಾರು ಯಾರ ಪಕ್ಕದಲ್ಲಿ ನಿಲ್ಲಬೇಕೆಂಬುದನ್ನು ನಿರ್ದೇಶಿಸಿತು.

ಪರಿಶಿಷ್ಟ ಜಾತಿಗಳ ಒಳಮೀಸಲಾತಿಯ ಪ್ರಶ್ನೆಯಲ್ಲಿ ಇದೇ ತರ್ಕ ಮತ್ತೊಂದು ಬಗೆಯಲ್ಲಿ ಕಾಣಿಸುತ್ತದೆ. 2005ರಲ್ಲಿ ರಚಿತವಾದ ನ್ಯಾಯಮೂರ್ತಿ ಎ.ಜೆ. ಸದಾಶಿವ ಆಯೋಗ 2012ರಲ್ಲಿ ವರದಿ ನೀಡಿತು, ಒಳವರ್ಗೀಕರಣ ಸಂವಿಧಾನಬದ್ಧವೆಂದು ಸರ್ವೋಚ್ಚ ನ್ಯಾಯಾಲಯ 2024ರ ಆಗಸ್ಟ್ 1ರಂದು ತೀರ್ಪಿತ್ತಿತು, ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಆಯೋಗದ ವರದಿಯ ನಂತರ 2025ರ ಆಗಸ್ಟ್‌ನಲ್ಲಿ ರಾಜ್ಯ ಸಚಿವ ಸಂಪುಟ ಶೇ. 17ರ ಮೀಸಲಾತಿಯನ್ನು 6, 6 ಮತ್ತು 5ರಂತೆ ಹಂಚಲು ನಿರ್ಧರಿಸಿತು. ಎಡಗೈ ಸಮುದಾಯಗಳು ದಶಕಗಳ ವಂಚನೆಗೆ ಪರಿಹಾರವೆಂದು ಒಳಮೀಸಲಾತಿಗಾಗಿ ಹೋರಾಡಿದರೆ, ಲಂಬಾಣಿ, ಭೋವಿ ಮೊದಲಾದ ಸಮುದಾಯಗಳಲ್ಲಿ ತಮ್ಮ ಪಾಲು ಕುಗ್ಗುವ ಭಯ ಪ್ರಬಲವಾಗಿತ್ತು. ಕೆರೆ, ದೇವಾಲಯ, ಕ್ಷೌರದಂಗಡಿಗಳಲ್ಲಿ ಅಸ್ಪೃಶ್ಯತೆಯ ಪ್ರಶ್ನೆ ಎದ್ದಾಗ ದಲಿತ ಎಂಬ ಚಹರೆ ಎಡಗೈ–ಬಲಗೈಗಳನ್ನು ಒಂದುಗೂಡಿಸುತ್ತದೆ. ಪಾಲಿನ ಪ್ರಶ್ನೆ ಎದ್ದಾಗ ಅದೇ ಚಹರೆಯೊಳಗಿನ ಒಳಹೆಸರುಗಳು ಜೀವ ಪಡೆಯುತ್ತವೆ. ಆದರೆ ಇದನ್ನು ಕೇವಲ ಒಡಕೆಂದು ಬಣ್ಣಿಸುವುದು ಅನ್ಯಾಯವಾಗುತ್ತದೆ. ದೊಡ್ಡ ಹೆಸರಿನೊಳಗೆ ಕೇಳಿಸದೆ ಹೋಗಿದ್ದ ಅತಿ ಸಣ್ಣ ಸಮುದಾಯಗಳ ಧ್ವನಿ ಎಣಿಕೆಯ ಕಾರಣದಿಂದಲೇ ಮೊದಲ ಬಾರಿಗೆ ದಾಖಲೆಗೆ ಬಂದಿತು ಎಂಬುದನ್ನೂ ಮರೆಯಲಾಗದು.

6. ಮಠ ಮತ್ತು ದರ್ಗಾ: ಧರ್ಮದ ಪ್ರಶ್ನೆ

ಧರ್ಮದ ಚಹರೆ ಅಭಿಪ್ರಾಯವನ್ನು ಅತ್ಯಂತ ಗಟ್ಟಿಯಾಗಿ ಕಟ್ಟಿಹಾಕುತ್ತದೆಂಬ ತಿಳಿವಳಿಕೆ ಇದೆ. 2017ರ ಜುಲೈನಲ್ಲಿ ಬೀದರ, ಆಗಸ್ಟ್‌ನಲ್ಲಿ ಬೆಳಗಾವಿ, ಸೆಪ್ಟೆಂಬರ್‌ನಲ್ಲಿ ಕಲಬುರಗಿ ನಗರಗಳಲ್ಲಿ ನಡೆದ ಬೃಹತ್ ಸಮಾವೇಶಗಳು ಲಿಂಗಾಯತಕ್ಕೆ ಸ್ವತಂತ್ರ ಧರ್ಮದ ಮಾನ್ಯತೆಯನ್ನು ಕೇಳಿದವು. 2018ರ ಮಾರ್ಚ್‌ನಲ್ಲಿ ರಾಜ್ಯ ಸಚಿವ ಸಂಪುಟ ಕೇಂದ್ರಕ್ಕೆ ಶಿಫಾರಸು ಮಾಡಿತು. ಕೇಂದ್ರ ಸರ್ಕಾರ ಅದನ್ನು ಒಪ್ಪಲಿಲ್ಲ. ಹೊರಗಿನಿಂದ ಒಂದೇ ಎಂದು ಕಾಣುತ್ತಿದ್ದ ಸಮುದಾಯ ಈ ಪ್ರಶ್ನೆಯ ಎದುರು ಎರಡಾಯಿತು. ವಿರಕ್ತ ಪರಂಪರೆಯ ಹಲವು ಮಠಗಳು ಬೇಡಿಕೆಯ ಪರವಾಗಿ ನಿಂತರೆ, ಪಂಚಪೀಠಗಳು ವಿರೋಧಿಸಿದವು. ಭಕ್ತನ ನಿಲುವು ಅನೇಕ ಕಡೆ ಅವನ ಜಾತಿಯಿಂದಲ್ಲ, ಅವನು ಅಡ್ಡಬೀಳುವ ಗುರುಪರಂಪರೆಯಿಂದ ಮೂಡಿತು.

ಖಜೂರಿಯ ಕೋರಣೇಶ್ವರ ಸಂಸ್ಥಾನ ಮಠ ಈ ಚರ್ಚೆಗೆ ಅಪೂರ್ವವಾದ ಸಾಮಗ್ರಿಯನ್ನು ಒದಗಿಸುತ್ತದೆ. ಸುಮಾರು ಮುನ್ನೂರೈವತ್ತು ವರ್ಷಗಳ ಪರಂಪರೆಯುಳ್ಳದ್ದೆಂದು ಹೇಳಲಾಗುವ ಈ ಮಠಕ್ಕೆ ಗಡಿಯ ಎರಡೂ ಬದಿಗಳಲ್ಲಿ ಭಕ್ತರಿದ್ದಾರೆ. ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಅಸೂಟಿ ಗ್ರಾಮದಲ್ಲಿ ಈ ಪರಂಪರೆಗೆ ಸೇರಿದ ಶಾಂತಿಧಾಮ ಮಠವಿದೆ. ಮುರುಘರಾಜೇಂದ್ರ ಕೋರಣೇಶ್ವರ ಸ್ವಾಮಿಗಳ ಪ್ರವಚನಗಳಿಂದ ಪ್ರಭಾವಿತರಾದ ಅಲ್ಲಿನ ಒಬ್ಬ ಮುಸ್ಲಿಂ ಗೃಹಸ್ಥರು ಮಠಕ್ಕಾಗಿ ಎರಡು ಎಕರೆ ಭೂಮಿಯನ್ನು ದಾನವಾಗಿ ನೀಡಿದ್ದರು. ಅವರ ಮಗ 2019ರ ನವೆಂಬರ್‌ನಲ್ಲಿ ಲಿಂಗದೀಕ್ಷೆ ಪಡೆದು, 2020ರ ಫೆಬ್ರವರಿ 26ರಂದು ಅಸೂಟಿ ಮಠದ ಅಧಿಕಾರಕ್ಕೆ ನಿಯುಕ್ತರಾದರು. ಬಸವತತ್ತ್ವ ಸಾರ್ವತ್ರಿಕವಾದುದು, ಅದರ ಮುಂದೆ ಜಾತಿಮತಗಳ ಭೇದ ಸಲ್ಲದು ಎಂಬುದು ಖಜೂರಿ ಸ್ವಾಮಿಗಳ ನಿಲುವಾಗಿತ್ತು.

ಈ ಪ್ರಸಂಗವನ್ನು ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿಯಲ್ಲಿ 2025ರ ಆಗಸ್ಟ್‌ನಲ್ಲಿ ನಡೆದ ಮತ್ತೊಂದು ಪ್ರಸಂಗದೊಂದಿಗೆ ಹೋಲಿಸಿ ನೋಡಬೇಕು. ಅಲ್ಲಿನ ಮಠವೊಂದರಲ್ಲಿ ಸ್ವಾಮಿಯಾಗಿದ್ದ ತರುಣರೊಬ್ಬರು ಹುಟ್ಟಿನಿಂದ ಮುಸ್ಲಿಮರೆಂಬುದು ತಿಳಿದಾಗ ಗ್ರಾಮದಲ್ಲಿ ಅಸಮಾಧಾನ ತಲೆದೋರಿತು. ಅವರು ಮಠವನ್ನು ತೊರೆದರು. ಎರಡೂ ಕಡೆ ಒಪ್ಪಿದ ತತ್ತ್ವ ಶರಣರದೇ. ಎರಡೂ ಕಡೆ ದೀಕ್ಷೆ ಪಡೆದವರ ಜನ್ಮ ಒಂದೇ ಮತದ್ದು. ಆದರೂ ಪ್ರತಿಕ್ರಿಯೆ ಬೇರೆಯಾಯಿತು. ಇದಕ್ಕೆ ಹಲವು ಕಾರಣಗಳಿರಬಹುದಾದರೂ ಒಂದು ವ್ಯತ್ಯಾಸ ಸ್ಪಷ್ಟವಾಗಿದೆ. ಅಸೂಟಿಯಲ್ಲಿ ಹುಟ್ಟಿನ ಚಹರೆ ಮೊದಲೇ ಎಲ್ಲರಿಗೂ ತಿಳಿದಿತ್ತು. ಒಂದು ಕುಟುಂಬದ ಎರಡು ತಲೆಮಾರುಗಳ ಭಕ್ತಿ ಮತ್ತು ದಾನದ ನಂಟು ಅದರೊಂದಿಗೆ ಬೆಸೆದುಕೊಂಡಿತ್ತು. ಮೂಲಮಠದ ಗುರುಗಳೇ ಆ ನಿರ್ಧಾರವನ್ನು ಬಹಿರಂಗವಾಗಿ ಘೋಷಿಸಿದ್ದರು. ಭಕ್ತರ ಮುಂದೆ ಬಂದ ಪ್ರಶ್ನೆ ‘ನಮ್ಮ ಗುರುಪರಂಪರೆ ಯಾರನ್ನು ಒಪ್ಪಿಕೊಂಡಿದೆ’ ಎಂಬುದಾಗಿತ್ತು. ಚೌಡಹಳ್ಳಿಯಲ್ಲಿ ಹುಟ್ಟಿನ ಚಹರೆ ಬಯಲಾದ ಗುಟ್ಟಿನಂತೆ ಹೊರಬಿದ್ದಿತು. ಅಲ್ಲಿ ಪ್ರಶ್ನೆ ‘ಅವರು ನಿಜವಾಗಿ ಯಾರು’ ಎಂಬ ರೂಪವನ್ನು ತಾಳಿತು. ಮೊದಲ ಪ್ರಶ್ನೆ ಭಕ್ತನನ್ನು ಕರೆಯುತ್ತದೆ, ಎರಡನೆಯದು ಮತಸ್ಥನನ್ನು.

ಖಜೂರಿಗೆ ತಾಲ್ಲೂಕು ಕೇಂದ್ರವಾದ ಆಳಂದದಲ್ಲಿ ಇದರ ಇನ್ನೊಂದು ಮುಖವಿದೆ. ಅಲ್ಲಿನ ಲಾಡ್ಲೆ ಮಶಾಕ ದರ್ಗಾದ ಆವರಣದಲ್ಲಿ ರಾಘವ ಚೈತನ್ಯರ ಶಿವಲಿಂಗವೂ ಇದೆ. ಸೂಫಿ ಸಂತನಿಗೆ ಮುಸ್ಲಿಮರಲ್ಲದವರೂ ನಡೆದುಕೊಳ್ಳುವ ರೂಢಿ ಈ ಭಾಗದಲ್ಲಿ ಕಲಬುರಗಿಯ ಬಂದೇನವಾಜ ದರ್ಗಾದಿಂದ ಹಿಡಿದು ಹಳ್ಳಿಹಳ್ಳಿಗಳ ಮೊಹರಂ ಆಚರಣೆಯವರೆಗೆ ಹರಡಿಕೊಂಡಿದೆ. ಆದರೆ 2022ರ ಮಾರ್ಚ್ 1ರ ಮಹಾಶಿವರಾತ್ರಿಯಂದು ಶಿವಲಿಂಗದ ಪೂಜೆಯ ವಿಷಯವಾಗಿ ಆಳಂದದಲ್ಲಿ ಉದ್ವಿಗ್ನತೆ ಉಂಟಾಗಿ ಕಲ್ಲುತೂರಾಟ ನಡೆಯಿತು. ಮುಂದಿನ ವರ್ಷಗಳಲ್ಲಿ ಪೂಜೆ ನ್ಯಾಯಾಲಯದ ಅನುಮತಿ, ನಿಗದಿತ ವೇಳೆ, ಸೀಮಿತ ಸಂಖ್ಯೆಯ ಜನ ಮತ್ತು ಪೊಲೀಸ್ ಬಂದೋಬಸ್ತಿನಲ್ಲಿ ನಡೆಯಬೇಕಾಯಿತು. ನ್ಯಾಯಾಲಯ ಶಾಂತಿಯನ್ನು ಕಾಯಬಲ್ಲದು, ಹಕ್ಕನ್ನು ಅಳೆದು ಕೊಡಬಲ್ಲದು. ಆದರೆ ‘ಈ ಜಾಗ ಯಾರದು’ ಎಂಬ ಪ್ರಶ್ನೆಗೆ ಉತ್ತರಿಸುವಾಗ ಎರಡು ಪಕ್ಷಗಳು ಮಾತ್ರ ಉಳಿಯುತ್ತವೆ. ಎರಡೂ ಕಡೆಗೆ ಕೈಮುಗಿಯುತ್ತಿದ್ದ ಸಾಮಾನ್ಯ ಭಕ್ತನಿಗೆ ಆ ವ್ಯಾಜ್ಯದಲ್ಲಿ ಹೆಸರಿಲ್ಲ.

ಇದರ ಹಿಂದೆ ಇತಿಹಾಸದ ನೆನಪುಗಳೂ ಕೆಲಸ ಮಾಡುತ್ತವೆ. ರಜಾಕಾರರ ಹಾವಳಿಯ ನೆನಪು ಈ ಸೀಮೆಯ ಅನೇಕ ಮನೆತನಗಳಲ್ಲಿದೆ. 1948ರ ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ದಾಖಲಿಸಿದ ಸುಂದರಲಾಲ್ ಸಮಿತಿಯ ವರದಿ ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ ಜಿಲ್ಲೆಗಳನ್ನು ಅತಿ ಹೆಚ್ಚು ನೊಂದವುಗಳೆಂದು ಗುರುತಿಸಿತು. ಮೊದಲನೆಯ ನೆನಪು ಸೆಪ್ಟೆಂಬರ್ 17ರ ಸಾರ್ವಜನಿಕ ಆಚರಣೆಯಲ್ಲಿ ಸ್ಥಾನ ಪಡೆದಿದೆ. ಎರಡನೆಯದು ಬಹುಮಟ್ಟಿಗೆ ಮನೆಯೊಳಗಿನ ಮಾತಾಗಿ ಉಳಿದಿದೆ. ಒಂದೇ ಕಾಲದ ಎರಡು ನೋವುಗಳಲ್ಲಿ ಒಂದಕ್ಕೆ ಮಾತ್ರ ವೇದಿಕೆ ದೊರೆತಾಗ ನಂತರದ ಪ್ರತಿಯೊಂದು ವಿವಾದವೂ ಆ ಅಸಮತೆಯ ಮೇಲೆಯೇ ಬೆಳೆಯುತ್ತದೆ.

7. ಗುಂಪುಗಳನ್ನು ದಾಟಿದ ಒಂದು ನಿದರ್ಶನ

ಈವರೆಗಿನ ನಿದರ್ಶನಗಳಲ್ಲಿ ಪ್ರಶ್ನೆಗಳು ಈಗಾಗಲೇ ಇರುವ ಗುಂಪುಗಳನ್ನು ಎಚ್ಚರಿಸಿದವು. ಹೊಸ ‘ನಾವು’ ಒಂದನ್ನು ಕಟ್ಟಿದ ಪ್ರಶ್ನೆಗಳೂ ಇವೆ. 2019ರ ಜನವರಿಯಲ್ಲಿ ಮದ್ಯ ನಿಷೇಧವನ್ನು ಒತ್ತಾಯಿಸಿ ಸಾವಿರಾರು ಗ್ರಾಮೀಣ ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಪಾದಯಾತ್ರೆ ನಡೆಸಿದರು. ರಾಯಚೂರು ಮೊದಲಾದ ಜಿಲ್ಲೆಗಳ ಮಹಿಳೆಯರು ಆ ಚಳವಳಿಯ ಮುಂಚೂಣಿಯಲ್ಲಿದ್ದರು. ಕುಡಿತದಿಂದ ಹಾಳಾದ ಮನೆಯ ಸಂಕಟ ಯಾವುದೊಂದು ಜಾತಿಯ ಸ್ವತ್ತಲ್ಲ. ಪುರುಷರ ನಾಯಕತ್ವದಲ್ಲಿರುವ ಜಾತಿ ಸಂಘಟನೆಗಳು ಮುಖ್ಯವಾಗಿ ಎತ್ತದೆ ಇದ್ದ ಈ ಪ್ರಶ್ನೆ, ಹೆಣ್ಣು ಎಂಬ ಚಹರೆಯನ್ನು ಕರೆದಾಗ ಮಾತ್ರ ಸಾರ್ವಜನಿಕವಾಗಲು ಸಾಧ್ಯವಾಯಿತು. ಸಮುದಾಯದ ಅಭಿಪ್ರಾಯವೆಂದು ದಾಖಲಾಗುವುದರಲ್ಲಿ ಆ ಸಮುದಾಯದ ಅರ್ಧದಷ್ಟು ಜನರ ಮಾತು ಸೇರಿದೆಯೇ ಎಂಬುದನ್ನು ಅಧ್ಯಯನಕಾರರು ಕೇಳಿಕೊಳ್ಳಬೇಕಾದ ಅಗತ್ಯವನ್ನು ಇದು ಸೂಚಿಸುತ್ತದೆ.

8. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಕೆಲವು ಅಂಶಗಳು ಸ್ಪಷ್ಟಗೊಳ್ಳುತ್ತವೆ. ಗುಂಪಿನ ಚಹರೆ ಸಾರ್ವಜನಿಕ ಅಭಿಪ್ರಾಯವನ್ನು ರೂಪಿಸುತ್ತದೆಂಬುದು ನಿಜ. ಆದರೆ ಚಹರೆ ಒಂದೇ ಅಲ್ಲ, ಸ್ಥಿರವೂ ಅಲ್ಲ. ಪಟ್ಟಿ, ಗಡಿ, ಅನುಚ್ಛೇದ, ವ್ಯಾಜ್ಯ, ಮಠದ ಆಜ್ಞೆ ಇವುಗಳ ಮೂಲಕ ಪ್ರಶ್ನೆಗಳು ಜನರನ್ನು ಮುಟ್ಟುತ್ತವೆ. ಹಾಗೆ ಮುಟ್ಟುವಾಗ ಅವು ಯಾವುದೋ ಒಂದು ಸಂಬಂಧವನ್ನು ಮುಂದಕ್ಕೆ ತಂದು ಉಳಿದವುಗಳನ್ನು ಹಿಂದಕ್ಕೆ ಸರಿಸುತ್ತವೆ. ಎರಡನೆಯದಾಗಿ, ಗುಂಪಿನ ನೆಲೆಯಿಂದ ಯೋಚಿಸುವುದೆಲ್ಲ ಸಂಕುಚಿತವೆಂಬ ತೀರ್ಪು ಸಾಧುವಲ್ಲ. ಒಳಮೀಸಲಾತಿಯ ಹೋರಾಟದಲ್ಲಿಯೂ ಪ್ರಾದೇಶಿಕ ಅಸಮತೋಲನದ ಹೋರಾಟದಲ್ಲಿಯೂ ವಂಚಿತರು ನ್ಯಾಯ ಕೇಳಲು ಗುಂಪಿನ ಹೆಸರೇ ದಾರಿಯಾಯಿತು. ಮೂರನೆಯದಾಗಿ, ಜಾತಿಯ ಅಂಕಣವೊಂದನ್ನೇ ಆಧರಿಸಿ ಅಭಿಪ್ರಾಯವನ್ನು ಅಳೆಯುವ ಸಮೀಕ್ಷೆಗಳು ತಾವು ಎಚ್ಚರಿಸಿದ ಚಹರೆಯನ್ನೇ ಜನರ ಸಹಜ ಚಹರೆಯೆಂದು ತಪ್ಪಾಗಿ ಓದುವ ಅಪಾಯವಿದೆ. ಗಡಿನಾಡಿನ ಅಧ್ಯಯನಗಳಲ್ಲಾದರೂ ಒಂದೇ ವಿಷಯವನ್ನು ಭಾಷೆ, ಪ್ರದೇಶ, ಗುರುಪರಂಪರೆ, ಲಿಂಗ ಮುಂತಾದ ಬೇರೆಬೇರೆ ನೆಲೆಗಳಿಂದ ಕೇಳಿ ಉತ್ತರಗಳನ್ನು ಹೋಲಿಸುವ ಕ್ರಮ ರೂಢಿಗೆ ಬರಬೇಕು.

ಖಜೂರಿ ಪರಂಪರೆಯ ಮಠವೊಂದು ಅನ್ಯಮತದಲ್ಲಿ ಹುಟ್ಟಿದವರನ್ನು ಗುರುಸ್ಥಾನದಲ್ಲಿ ಕೂರಿಸಿದ ಸುಮಾರು ಎರಡು ವರ್ಷಗಳಲ್ಲಿಯೇ, ಖಜೂರಿಯ ತಾಲ್ಲೂಕು ಕೇಂದ್ರದಲ್ಲಿ ಪೂಜೆಯ ವಿಷಯಕ್ಕೆ ಕಲ್ಲುಗಳು ಬಿದ್ದವು. ಈ ಎರಡೂ ಘಟನೆಗಳ ಹಿಂದಿರುವುದು ಬೇರೆಬೇರೆ ಜನಾಂಗಗಳಲ್ಲ, ಒಂದೇ ಸೀಮೆಯ ನೆನಪು ಮತ್ತು ನಂಬಿಕೆಗಳು. ಒಂದರಲ್ಲಿ ಹಳೆಯ ನಂಟಿನ ಹೆಸರಿನಲ್ಲಿ ಜನರನ್ನು ಕರೆಯಲಾಯಿತು, ಇನ್ನೊಂದರಲ್ಲಿ ಒಡೆತನದ ಹೆಸರಿನಲ್ಲಿ. ಸಾರ್ವಜನಿಕ ಜೀವನದಲ್ಲಿ ಪ್ರಶ್ನೆಗಳನ್ನು ರೂಪಿಸುವ ಸರ್ಕಾರ, ಮಠ, ಪತ್ರಿಕೆ, ಪಕ್ಷ ಹಾಗೂ ವಿದ್ವತ್ ಸಂಸ್ಥೆಗಳ ಹೊಣೆಗಾರಿಕೆ ಇರುವುದು ಇಲ್ಲಿಯೇ.